ಗುರುಗ್ರಹದ ಬಿರುಗಾಳಿ, ಅವ್ವನ ಡಬ್ಬಿ

ಎಂಬತ್ತರ ದಶಕದ ಕೊನೆಗೆ ನಾನು ಅಥಣಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಗುರುಗ್ರಹದಲ್ಲಿ ಯಾವ ಕಾಲದಿಂದಲೋ ಸುತ್ತುತ್ತಿರುವ ಕೆಂಪು ಬಿರುಗಾಳಿಯ ಬೆನ್ನು ಹತ್ತಿದ್ದೆ. ಅಂಥದ್ದೊಂದನ್ನು ಕಂಪ್ಯೂಟರಿನೊಳಗೆ ಲೆಕ್ಕದಿಂದ ಹುಟ್ಟಿಸಿ ಬಾಳುವಂತೆ ಮಾಡುವುದೇ ನನ್ನ ಪಿಎಚ್.ಡಿ. ಕೆಲಸ. ನನ್ನದು ಹುಟ್ಟುತ್ತಿತ್ತು, ಬಾಳುತ್ತಿರಲಿಲ್ಲ. ಈ ಹಂಗಾಮಿನೊಳಗೆ ಆಗದಿದ್ದರೆ ವಿಷಯ ಬದಲಿಸಬೇಕೆಂದು ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿದ್ದರು. ಬದಲಿಸುವ ಜಾತಿಯವಳು ನಾನಲ್ಲ.

ಹಂಗಾಮು ಎಂದರೆ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ತಿಂಗಳುಗಳು. ಊರಿನ ಕರೆಂಟು ಕೈಕೊಟ್ಟರೆ ಇಡೀ ದಿನದ ಲೆಕ್ಕ ನೀರುಪಾಲು. ಕಾರ್ಖಾನೆಯಾದರೆ ಕಬ್ಬಿನ ಸಿಪ್ಪೆ ಉರಿಸಿ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತಿತ್ತು. ರೈತರ ಕಬ್ಬಿನ ಬಿಲ್ ಬರೆಯುವ ಅವರ ಕಂಪ್ಯೂಟರನ್ನು ಭಾನುವಾರ ಬಿಟ್ಟುಕೊಡಿರೆಂದು ಅಲ್ಲಿಯ ಸಾಹೇಬರ ಜೀವ ತಿಂದು ಒಪ್ಪಿಸಿದ್ದೆ.

ನಮ್ಮದು ಶೇಡಬಾಳದ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಉಪವಾಸ ಬೀಳುತ್ತೇನೆಂದು ಅವ್ವ ಪ್ರತಿ ಭಾನುವಾರ ಡಬ್ಬಿ ಹಿಡಿದು ಬಸ್ಸಿನಲ್ಲಿ ಕಾರ್ಖಾನೆಗೆ ಬರುತ್ತಿದ್ದಳು. ಬಸದಿಯ ದೀಪಕ್ಕೆ ಬತ್ತಿ ಹೊಸೆಯುತ್ತ ಪಕ್ಕದಲ್ಲಿ ಕೂರುತ್ತಿದ್ದಳು. ಊಟ ಬಿಡಿಸುವ ನನ್ನ ಬಿರುಗಾಳಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಒಂದು ಭಾನುವಾರ ಬಿರುಗಾಳಿ ಮತ್ತೆ ಚಿಂದಿಯಾಯಿತು. ಸಿಟ್ಟಿನಲ್ಲಿ ಮೇಜು ಗುದ್ದಿದೆ.

"ಮ್ಯಾಲ ಆಕಾಶದಾಗಿಂದು ಯಾಕ ಹರಿಯೂದಿಲ್ಲ?" ಎಂದಳು ಅವ್ವ.

"ಬತ್ತಿ ಹೊಸಿಯೂ ನಿನ್ನ ಎರಡು ಅಂಗೈ ನೋಡು. ಹಂಗ ಅಲ್ಲಿ ಎರಡೂ ಬಾಜೂ ಗಾಳಿ ಎದುರುಬದುರು ಬೀಸತೈತಿ. ನಡುವ ಸಿಕ್ಕಿದ್ದು ಸುತ್ತಕೋಂತ ಇರತೈತಿ."

"ಉಲ್ಟಾ ಹೊಸದ್ರ ಬಿಚ್ಚಕೊಂಡು ಹೋಗತೈತಲ್ಲ."

ಅವಳು ಬತ್ತಿಯ ಮಾತಾಡಿದ್ದಳು. ನನಗೆ ನನ್ನ ಗಾಳಿಗಳ ದಿಕ್ಕು ನೆನಪಾಯಿತು. ಪ್ರೋಗ್ರಾಮು ತೆಗೆದು ನೋಡಿದರೆ, ಅಕ್ಕಪಕ್ಕದ ಗಾಳಿಗಳ ದಿಕ್ಕು ಹೇಳುವ ಧನ ಚಿಹ್ನೆ, ಋಣ ಚಿಹ್ನೆ ಅದಲುಬದಲಾಗಿದ್ದವು. ಇಡೀ ಹಂಗಾಮು ನನ್ನ ಬಿರುಗಾಳಿಯನ್ನು ನಾನೇ ಉಲ್ಟಾ ಹೊಸೆದು ಬಿಚ್ಚಿ ಹಾಕಿದ್ದೆ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಟ ಬಂತು. ಉಳಿದದ್ದು ಒಂದೇ ಭಾನುವಾರ.

ಆ ದಿನ ಬೆಳಿಗ್ಗೆಯೇ ಲೆಕ್ಕ ಶುರು ಮಾಡಿದೆ. ಯಾವತ್ತೂ ಮಧ್ಯಾಹ್ನಕ್ಕೆ ಚಿಂದಿಯಾಗುತ್ತಿದ್ದ ಗಾಳಿ ಅಂದು ಗಟ್ಟಿಯಾಗಿತ್ತು. ಅಕ್ಕಪಕ್ಕದ ಚಿಕ್ಕ ಸುಳಿಗಳನ್ನು ನುಂಗಿ ಇನ್ನಷ್ಟು ದಪ್ಪವಾಯಿತು. ಅವ್ವ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಸುಳಿಯನ್ನು ಬೆರಳಿಟ್ಟು ತೋರಿಸಿದೆ.

"ಉಣ್ಣು, ಹೊತ್ತು ಇಳಿಯಾಕತ್ತೈತಿ" ಎಂದು ಎರಡು ಸಲ ಅಂದಳು. "ಇನ್ನೊಂದೀಟು ತಡಿ ಅವ್ವ" ಎಂದು ಎರಡೂ ಸಲ ತಳ್ಳಿದೆ. ಪರದೆಯಿಂದ ಕಣ್ಣು ಕಿತ್ತರೆ ಎಲ್ಲಿ ಒಡೆದುಹೋಗುತ್ತದೋ ಎಂಬ ಹುಚ್ಚು ಭಯ. ಮೂರನೆಯ ಸಲ ಅವಳು ಅನ್ನಲಿಲ್ಲ.

ತಿರುಗಿ ನೋಡಿದಾಗ ಕಿಟಕಿಯಾಚೆ ಕಬ್ಬಿನ ಗಾಡಿಗಳ ಹಿಂದೆ ಸೂರ್ಯ ಮುಳುಗಿಯಾಗಿತ್ತು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಅವ್ವನ ಮಡಿಲಲ್ಲಿ ಅರಳೆ ಹಾಗೇ ಇತ್ತು. ಅವಳ ಕಣ್ಣು ಪರದೆಯ ಮೇಲಿತ್ತು.

"ನೀ ಆದ್ರೂ ಉಣಬೇಕಿತ್ತಲ್ಲ ಅವ್ವ" ಎಂದೆ.

"ಸುಮ್ಮನಿರ. ಸುತ್ತಾಕತ್ತೈತಿಲ್ಲ ಇನ್ನೂ?"

"ಸುತ್ತಾಕತ್ತೈತಿ."

"ಹಂಗಾರ ನಾಳಿ ಉಣ್ಣೂಣು" ಎಂದು ಅವ್ವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.