ಎರಡು ಲಕೋಟೆ, ಒಂದು ಕೀಲಿಪದ

ಉರುಗ್ವೆ ನದಿಯ ದಡದ ಒಂದು ಪುರಸಭೆಯಲ್ಲಿ ಕಂಪ್ಯೂಟರ್ ಕಡತಗಳ ನಕಲುಗಳಿಗೆ ಕೀಲಿಪದ, ಅಂದರೆ ಪಾಸ್‌ವರ್ಡ್, ಹಾಕಿ ಕಾಪಾಡುವುದು ಇರ್ಮಾ ಬೆರುಟ್ಟಿಯ ಕೆಲಸ. ಒಂದೇ ಕಡತ ಹಲವು ವಿಭಾಗಗಳಿಂದ ಬಂದರೂ ಯಂತ್ರ ಒಂದನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಆದರೆ ತೆರಿಗೆಯವರಿಗೂ ನೀರಿನವರಿಗೂ ಆಗಿಬರುತ್ತಿರಲಿಲ್ಲ. ತಮತಮಗೆ ಬೇರೆ ಕೀಲಿಪದವೇ ಬೇಕೆಂದು ಹಟ ಹಿಡಿದರು. ಇರ್ಮಾ ಕೊಟ್ಟಳು. ಕೀಲಿಪದ ಬೇರೆಯಾದದ್ದೇ ತಡ, ಒಂದೇ ಕಡತವೂ ಯಂತ್ರಕ್ಕೆ ಬೇರೆಯಾಗಿ ಕಂಡಿತು; ಅದು ಎಲ್ಲವನ್ನೂ ಎರಡೆರಡು ಸಲ ಇಟ್ಟುಕೊಂಡಿತು, ಜಾಗ ತುಂಬಿಹೋಯಿತು.

ಇರ್ಮಾ ಸದ್ದಿಲ್ಲದೆ ಎಲ್ಲಕ್ಕೂ ಒಂದೇ ಹೊಸ ಕೀಲಿಪದ ಹಾಕಿ, ಅದನ್ನೇ ಎರಡು ಲಕೋಟೆಗಳಲ್ಲಿಟ್ಟು ಇಬ್ಬರು ಮುಖ್ಯಸ್ಥರಿಗೂ ಕೊಟ್ಟಳು.

"ಇದು ನಮ್ದು ಮಾತ್ರ ತಾನೇ?" ಎಂದ ತೆರಿಗೆಯ ಮುಖ್ಯಸ್ಥ ದೋನ್ ಎಲ್ಬಿಯೊ.

"ಯಾರಿಗೂ ತೋರಿಸ್ಬೇಡಿ, ದೋನ್ ಎಲ್ಬಿಯೊ. ನೀರಿನೋರಿಗಂತೂ ಬೇಡವೇ ಬೇಡ."

ನೀರಿನ ಮುಖ್ಯಸ್ಥೆಗೂ ಹಾಗೆಯೇ ಹೇಳಿದಳು. ಇರ್ಮಾಳ ಬೀಳ್ಕೊಡುಗೆಯ ದಿನ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಬಂದು, ತಮ್ಮ ಗುಟ್ಟು ಕಾಪಾಡಿದ್ದಕ್ಕೆ ಅವಳ ಕೈ ಕುಲುಕಿದರು.