ಅನ್ನದಲ್ಲಿ ಸಿಗದ ಕಬ್ಬಿಣ

ಕೊರೊನಾದ ಗಲಾಟೆ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷದ ಮಾತು. ಆಗ ನಾನು ಮಸ್ಕತ್ತಿನ ರುವಿಯಲ್ಲಿ ಒಂದು ಖಾಸಗಿ ಪಾಲಿಕ್ಲಿನಿಕ್ಕಿನ ಡಯಟೀಷಿಯನ್ ಆಗಿದ್ದೆ. ಉಡುಪಿ ಕಡೆಯ ಕೊಂಕಣಿಯವಳು, ಎಲ್ಲರ ಬಾಯಲ್ಲಿ ಫೆಲ್ಸಿ ಬಾಯಿ. ಡಯಟೀಷಿಯನ್ ಎಂದರೆ ತೂಕ ಇಳಿಸುವ ಹೆಂಗಸು ಎಂದೇ ಹೆಚ್ಚಿನವರ ಲೆಕ್ಕ. ಹೊಟ್ಟೆ ಕರಗಿಸಲು ಬಂದವರು ಶುಕ್ರವಾರದ ಬಿರಿಯಾನಿ ಮಾತ್ರ ಬಿಡುವುದಿಲ್ಲ ಎಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಇಷ್ಟವಾದದ್ದು ಮಕ್ಕಳ ಕೆಲಸ.

ಆ ವರ್ಷ ಶಾಲಾ ಮಕ್ಕಳ ರಕ್ತಪರೀಕ್ಷೆಯ ರಿಪೋರ್ಟುಗಳು ನನ್ನ ಮೇಜಿಗೆ ಸಾಲಾಗಿ ಬರತೊಡಗಿದವು. ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ ಹನ್ನೊಂದೂವರೆಗಿಂತ ಕೆಳಗಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತೇವೆ. ಮನೆಯಲ್ಲಿ ಬಡತನವಿಲ್ಲ, ಫ್ರಿಜ್ಜಿನಲ್ಲಿ ಜಾಗವಿಲ್ಲ, ಆದರೂ ಮಗುವಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿರುತ್ತಿತ್ತು. ಇದಕ್ಕೆ ಒಂದು ಸುಲಭದ ಉಪಾಯ ಫೋರ್ಟಿಫಿಕೇಶನ್. ದಿನಾ ತಿನ್ನುವ ಧಾನ್ಯಕ್ಕೇ ಕಬ್ಬಿಣ, ಫೋಲಿಕ್ ಆಸಿಡ್, ವಿಟಮಿನ್ನುಗಳನ್ನು ಸೇರಿಸುವುದು. ಒಮಾನಿನಲ್ಲಿ ಬ್ರೆಡ್ಡು, ಖುಬ್ಸ್ ಎಂಬ ಅರಬ್ಬಿ ರೊಟ್ಟಿ ಮಾಡುವ ಹಿಟ್ಟಿಗೆ ಇದನ್ನು ಸೇರಿಸುವುದು ಹಳೆಯ ಪದ್ಧತಿ. ಆದರೆ ನಮ್ಮ ಕರಾವಳಿಯ ಮಕ್ಕಳು ಖುಬ್ಸ್ ತಿಂದು ಬದುಕುವವರೇ? ಅವರಿಗೆ ಮಧ್ಯಾಹ್ನಕ್ಕೂ ಅನ್ನ, ರಾತ್ರಿಗೂ ಅನ್ನ.

ಆ ಮಕ್ಕಳಲ್ಲಿ ಒಬ್ಬಳು ಧೃತಿ. ಒಂಬತ್ತು ವರ್ಷ, ಮಾತಿಗೆ ಕೊನೆಯಿಲ್ಲ, ಮೆಟ್ಟಿಲು ಹತ್ತಿದರೆ ಮಾತ್ರ ಉಸಿರಿಲ್ಲ. ತಾಯಿ ಶ್ವೇತಾ ರುವಿಯ ಕಾರ್ಗೋ ಆಫೀಸಿನಲ್ಲಿ ಅಕೌಂಟೆಂಟ್, ತಂದೆಗೆ ಸೊಹಾರಿನಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಹುಡುಗಿಯ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲಿತ್ತು. ಡಾಕ್ಟರು ಬೇರೆ ಕಾಯಿಲೆ ಏನೂ ಇಲ್ಲವೆಂದು ಖಚಿತ ಮಾಡಿಕೊಂಡು ಕಬ್ಬಿಣದ ಸಿರಪ್ ಕೊಟ್ಟಿದ್ದರು. ಕುಡಿದ ದಿನವೆಲ್ಲ ವಾಂತಿ. ಬ್ರಾಂಡ್ ಬದಲಿಸಿದರೂ ಅದೇ ಕಥೆ.

"Aunty, it tastes like keys," ಎಂದು ಧೃತಿ ಮುಖ ಹಿಂಡಿದಳು. ಕೀಲಿಕೈ ಯಾವಾಗ ತಿಂದು ನೋಡಿದ್ದೆ ಮಾರಾಯ್ತಿ ಎಂದು ಕೇಳಿದರೆ ನಕ್ಕಳು.

ಶ್ವೇತಾ ನಗಲಿಲ್ಲ. ಊರಿನಲ್ಲಿ ಅತ್ತೆ ಹಟ ಹಿಡಿದಿದ್ದರು: ಗಲ್ಫಿನ ಹವೆ ಮಗುವಿಗೆ ಆಗುವುದಿಲ್ಲ, ಇಲ್ಲಿಗೆ ಕಳಿಸು, ಇಲ್ಲೇ ಶಾಲೆಗೆ ಹೋಗಲಿ, ನಾನು ನೋಡಿಕೊಳ್ಳುತ್ತೇನೆ. ಗಂಡನಿಗೂ ಅದೇ ಸರಿ ಅನ್ನಿಸಿತ್ತು.

"ಬಾಯಿ, ಬೇಸಗೆ ರಜೆಯ ಒಳಗೆ ಸರಿ ಆಗದಿದ್ರೆ ಅವಳನ್ನು ಊರಿನಲ್ಲೇ ಬಿಟ್ಟು ಬರ್ಬೇಕು. ನಾನು ಮಾತು ಕೊಟ್ಟಿದ್ದೇನೆ," ಎಂದಳು. ನನಗೆ ಸಂಕಟವಾಯಿತು. ಸಣ್ಣ ಮಗುವನ್ನು ಫೋನಿನ ವೀಡಿಯೋದಲ್ಲಿ ಬೆಳೆಸುವ ಕಷ್ಟವನ್ನು ಈ ಊರಿನಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ.

ಶಾಲೆ ಬಿಟ್ಟ ಮೇಲೆ ಧೃತಿ ಹಮ್ರಿಯಾದ ಒಂದು ಡೇ ಕೇರಿಗೆ ಹೋಗುತ್ತಿದ್ದಳು. ಅದನ್ನು ನಡೆಸುತ್ತಿದ್ದವರು ಕಾರ್ಕಳ ಕಡೆಯ ಸುಮತಿ ಅಕ್ಕ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳ ಮೂವತ್ತು ಚಿಲ್ಲರೆ ಮಕ್ಕಳಿಗೆ ಅಲ್ಲೇ ಬಿಸಿ ಊಟ. ಅಡುಗೆಯನ್ನು ಅಕ್ಕ ಬೇರೆಯವರ ಕೈಗೆ ಬಿಟ್ಟವರಲ್ಲ. ನಾನು ಹೋಗಿ ಫೋರ್ಟಿಫೈಡ್ ಅಕ್ಕಿಯ ವಿಷಯ ಹೇಳಿದೆ. ಸಾಧಾರಣ ಅಕ್ಕಿಗೆ ನೂರಕ್ಕೊಂದರಂತೆ ಪೋಷಕಾಂಶ ಲೇಪಿಸಿದ ಕಾಳು ಬೆರೆಸಿರುತ್ತಾರೆ, ರುಚಿ ಬದಲಾಗುವುದಿಲ್ಲ, ಹೆಚ್ಚು ತೊಳೆಯಬಾರದು ಅಷ್ಟೇ ಎಂದೆ.

"ಆಯ್ತು ಬಾಯಿ, ಮಕ್ಕಳಿಗೆ ಒಳ್ಳೇದಾಗ್ತದೆ ಅಂದ್ರೆ ಎಂತ ಬೇಕಾದ್ರೂ ಮಾಡುವ," ಎಂದರು ಅಕ್ಕ. ಪರಿಚಯದ ಅಕ್ಕಿ ವ್ಯಾಪಾರಿಯೊಬ್ಬರು ಚೀಲಗಳನ್ನು ತರಿಸಿಕೊಟ್ಟರು. ಮಕ್ಕಳು ಗಲಾಟೆಯಿಲ್ಲದೆ ಉಂಡರು. ನಾನು ನಿಶ್ಚಿಂತಳಾದೆ.

ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ಧೃತಿಯ ಹಿಮೋಗ್ಲೋಬಿನ್ ಇದ್ದಲ್ಲೇ ಇತ್ತು. ಡೇ ಕೇರಿನ ಉಳಿದ ಮಕ್ಕಳದ್ದೂ ಕದಲಿರಲಿಲ್ಲ.

"ಖಲಾಸ್ ಬಾಯಿ," ಎಂದಳು ಶ್ವೇತಾ. "ಇನ್ನು ನನ್ನ ಹತ್ರ ಹೇಳ್ಲಿಕ್ಕೆ ಎಂತ ಉಂಟು? ಅತ್ತೆ ಅಲ್ಲಿ ಶಾಲೆಯ ಸೀಟೂ ಕೇಳಿ ಇಟ್ಟಿದ್ದಾರೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವ್ಯಾಪಾರಿ ಸಾದಾ ಅಕ್ಕಿಯನ್ನೇ ಹೊಸ ಚೀಲಕ್ಕೆ ತುಂಬಿ ಟೋಪಿ ಹಾಕಿದ್ದಾನೆ ಎಂದು ತೀರ್ಮಾನಿಸಿದೆ. ಚೀಲದ ಅಕ್ಕಿಯನ್ನು ಹಿಡಿದು ತಂದು ಅವನ ಮೇಜಿನ ಮೇಲೆ ಸುರಿಯಬೇಕೆಂದು ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಡೇ ಕೇರಿಗೆ ನುಗ್ಗಿದೆ. ಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ಅಕ್ಕ ಸಿಂಕಿನ ಮುಂದೆ ಅಕ್ಕಿ ತೊಳೆಯುತ್ತಿದ್ದರು.

"ಎಂತ ಬಾಯಿ, ಇಷ್ಟು ಬೆಳಿಗ್ಗೆ? ಕೂತ್ಕೊಳ್ಳಿ."

ಚೀಲದಿಂದ ಒಂದು ಮುಷ್ಟಿ ಅಕ್ಕಿ ತೆಗೆದು ಅಂಗೈಯಲ್ಲಿ ಹರಡಿದೆ. ಬಿಳಿ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ ಛಾಯೆಯ ಕಾಳು. ವ್ಯಾಪಾರಿ ಮೋಸ ಮಾಡಿರಲಿಲ್ಲ. ಮತ್ತೆ? ತಲೆ ಎತ್ತಿ ನೋಡುತ್ತೇನೆ, ಅಕ್ಕ ಅಕ್ಕಿಯನ್ನು ಕೈಯಿಂದ ಉಜ್ಜಿ ಉಜ್ಜಿ ತೊಳೆಯುತ್ತಲೇ ಇದ್ದಾರೆ. ನೀರು ಕನ್ನಡಿಯಂತಾಗುವವರೆಗೆ ಬಿಡಲಿಲ್ಲ. ಕಡಿಮೆ ತೊಳೆಯಿರಿ ಎಂದಿದ್ದೆನಲ್ಲ ಎಂದರೆ, "ಕಡಿಮೆಯೇ ಬಾಯಿ, ನಮ್ಮ ಮನೆಯ ಅಕ್ಕಿಗೆ ಇನ್ನೂ ಎರಡು ನೀರು ಜಾಸ್ತಿ," ಎಂದರು.

ಆಮೇಲೆ ದೊಡ್ಡ ಪಾತ್ರೆಯ ತುಂಬ ಕುದಿಯುವ ನೀರಿಗೆ ಅಕ್ಕಿ ಹೋಯಿತು. ಬೆಂದ ಮೇಲೆ ಪಾತ್ರೆಗೆ ಮುಚ್ಚಳ ಒತ್ತಿ, ಬಟ್ಟೆ ಹಿಡಿದು, ಬಗ್ಗಿಸಿ, ಗಂಜಿ ತಿಳಿಯನ್ನೆಲ್ಲ ಚೆನ್ನಾಗಿ ಬಸಿದರು. ನಮ್ಮ ಕಡೆ ಕುಚ್ಚಲಕ್ಕಿಯ ಅನ್ನ ಮಾಡುವುದೇ ಹಾಗೆ. ಅಲ್ಲಿ ಅನ್ನ ಮಾಡುವುದು ಎಂದರೆ ಬಸಿಯುವುದೂ ಸೇರಿತು, ಅದನ್ನು ಯಾರೂ ಬೇರೆಯಾಗಿ ಹೇಳುವುದಿಲ್ಲ, ಕೇಳುವುದೂ ಇಲ್ಲ. ಅಕ್ಕ ಈ ಬಿಳಿಯ ಬೆಳ್ತಿಗೆ ಅಕ್ಕಿಗೂ ಅದೇ ಉಪಚಾರ ಮಾಡುತ್ತಿದ್ದರು. ಅನ್ನ ಉದುರುದುರಾಗಿ ಮಲ್ಲಿಗೆಯಂತೆ ಅರಳಿತ್ತು.

ಅಷ್ಟರಲ್ಲಿ ಅವರು ಆ ತಿಳಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಲೋಟ ನನ್ನ ಕೈಗಿಟ್ಟರು. "ಕುಡೀರಿ ಬಾಯಿ. ನಾನೂ ಮಕ್ಕಳನ್ನು ಕರ್ಕೊಂಡು ಬರುವ ವ್ಯಾನಿನ ಡ್ರೈವರೂ ದಿನಾ ಇದನ್ನೇ ಕುಡಿಯುವುದು. ಸತ್ವ ಎಲ್ಲ ಇದರಲ್ಲೇ ಅಲ್ವಾ?"

ನನಗೆ ನಗು, ಅಳು ಎರಡೂ ಒಟ್ಟಿಗೆ ಬಂತು. "ಅಕ್ಕಾ, ಸತ್ವ ಇದರಲ್ಲೇ! ಅದಕ್ಕೇ ಮಕ್ಕಳಿಗೆ ಸಿಗ್ತಾ ಇಲ್ಲ. ಅರ್ಧ ಸಿಂಕಿಗೆ ಹೋಯ್ತು, ಅರ್ಧ ನಿಮ್ಮ ಹೊಟ್ಟೆಗೆ!"

ವ್ಯಾಪಾರಿಗೆ ಅಲ್ಲಿಂದಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಕಾಳಿನ ಮೇಲಿರುವುದು ಬರೀ ಲೇಪನ, ಉಜ್ಜಿ ತೊಳೆದು ನೀರು ಬಸಿದರೆ ನಿಲ್ಲುವುದಿಲ್ಲ ಎಂದು ಅವರೂ ಹೇಳಿದರು. "ಅಯ್ಯೋ ದೇವರೇ, ಮಕ್ಕಳ ಪಾಲು ನಾನು ಕುಡಿದೆನಲ್ಲ ಬಾಯಿ!" ಎಂದು ಸುಮತಿ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರನ್ನು ಸಮಾಧಾನ ಮಾಡಲು ನಾನು ಆ ಲೋಟ ಪೂರ್ತಿ ಕುಡಿಯಬೇಕಾಯಿತು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಒಂದೇ ಒಂದು ಸಲ ಹಗುರಾಗಿ ತೊಳೆಯುವುದು, ಅಳತೆಯ ನೀರು, ಬಸಿಯುವಂತಿಲ್ಲ. ಮೊದಲ ದಿನ ಅನ್ನ ಮುದ್ದೆಯಾಯಿತು. "Is this pudding?" ಎಂದು ಮಕ್ಕಳು ಕೇಳಿದರಂತೆ. ಅಕ್ಕನಿಗೆ ಅವಮಾನವಾಗಿ ನನ್ನ ಮೇಲೆ ರೇಗಿದರು: "ನಿಮ್ಮ ಅಳತೆ ನಿಮ್ಮ ಕ್ಲಿನಿಕ್ಕಿನಲ್ಲಿ ಇಟ್ಕೊಳ್ಳಿ!" ನಾನೂ ಬಿಡಲಿಲ್ಲ, ದನಿ ಏರಿಸಿದೆ. ಕಡೆಗೆ ಇಬ್ಬರೂ ಸೇರಿ ನೀರು ಕಡಿಮೆ ಮಾಡುತ್ತಾ ಬಂದು, ವಾರ ಕಳೆಯುವಷ್ಟರಲ್ಲಿ ಅಕ್ಕ ಒಪ್ಪುವಂಥ ಅನ್ನವಾಯಿತು. ಊಟದ ಬೆನ್ನಿಗೇ ಕೊಡುತ್ತಿದ್ದ ಹಾಲಿನ ಚಹಾವನ್ನೂ ನಿಲ್ಲಿಸಿದೆವು, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಬದಲಿಗೆ ಲಿಂಬೆಹಣ್ಣಿನ ಶರಬತ್ತು ಬಂತು.

ಶ್ವೇತಾಳಿಗೆ ನಡೆದದ್ದನ್ನೆಲ್ಲ ಹೇಳಿ, ರಜೆಯ ಹೊಸ್ತಿಲವರೆಗೆ ಕಾಯಲು ಕೇಳಿಕೊಂಡೆ. "ನನಗೆ ಆಸೆ ಹುಟ್ಟಿಸ್ಬೇಡಿ ಬಾಯಿ," ಎಂದಳು. ಆದರೆ ಕಾದಳು. ನನ್ನ ನಿದ್ದೆ ಹಾರಿಹೋಯಿತು. ಅನ್ನ ಔಷಧಿಯಲ್ಲ, ಅದರ ಕೆಲಸ ನಿಧಾನ.

ರಜೆ ಹತ್ತಿರ ಬಂದಾಗ ಮತ್ತೆ ಪರೀಕ್ಷೆ ಮಾಡಿಸಿದೆವು. ಧೃತಿಯ ರಿಪೋರ್ಟು ಹನ್ನೊಂದು ದಾಟಿತ್ತು. ಇನ್ನೂ ಸ್ವಲ್ಪ ಬಾಕಿ, ಆದರೆ ದಾರಿ ಸರಿ ಇದೆ ಎಂದರು ಡಾಕ್ಟರು. ಹೆಚ್ಚಿನ ಮಕ್ಕಳದ್ದೂ ಏರಿತ್ತು. ಸುಮತಿ ಅಕ್ಕ ಆ ದಿನ ಡೇ ಕೇರಿನಲ್ಲಿ ಪಾಯಸ ಮಾಡಿದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಚೀಲದಲ್ಲಿ ಇರುವುದೆಲ್ಲ ಬಟ್ಟಲಿಗೆ ಬರುವುದಿಲ್ಲ. ನಡುವೆ ಒಂದು ಅಡುಗೆಮನೆ ಇದೆ, ಅಲ್ಲಿ ಪ್ರೀತಿಯಿಂದ ದುಡಿಯುವ ಎರಡು ಕೈಗಳಿವೆ, ಆ ಕೈಗಳಿಗೆ ಅವುಗಳದ್ದೇ ರೂಢಿ ಇದೆ. ಅದನ್ನು ನೋಡದೆ ಯಾವ ಮಗುವಿಗೂ ನಾನು ಆಮೇಲೆ ಆಹಾರ ಹೇಳಿಕೊಡಲಿಲ್ಲ.

ರಿಪೋರ್ಟು ಬಂದ ಸಂಜೆ ಶ್ವೇತಾ ಫೋನ್ ಮಾಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಬಾಯಿ, ಅತ್ತೆಗೆ ಹೇಳಿದೆ. ಮಗು ಬರ್ತಾಳೆ, ಆದ್ರೆ ರಜೆಗೆ ಮಾತ್ರ."