ಕುಡಿಯದ ಹೊನ್ನಪ್ಪನ ಹೊಟ್ಟೆ

ಕಿಕ್ಕೇರಿ ಸುತ್ತಿನಲ್ಲಿ ನಮ್ಮೂರಿನವರಷ್ಟು ರೋಗ ಬಲ್ಲವರು ಯಾರೂ ಇಲ್ಲ. ಬಸ್ಸಿನಿಂದ ಇಳಿಯುವವನ ಹೊಟ್ಟೆ ಕಂಡರೆ ಸಾಕು, ಲಿವರ್ ಎಷ್ಟು ಕೆಟ್ಟಿದೆ, ಯಾವ ಹೆಂಡದಂಗಡಿಯ ಸರಕು ಎಂದು ಕಟ್ಟೆಯ ಮೇಲೆ ಕುಳಿತೇ ಹೇಳಿಬಿಡುತ್ತೇವೆ. ಮೈಸೂರಿನ ಸ್ಕ್ಯಾನಿಂಗ್ ಯಂತ್ರಗಳು ನಮಗೆ ಹೆದರಿಯೇ ಆಗಾಗ ಕೆಟ್ಟು ನಿಲ್ಲುವುದು.

ಹೊನ್ನಪ್ಪ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದ. ಕೊಪ್ಪರಿಗೆಗೆ ಬೆನ್ನು ಹಾಕಿ ಕುಳಿತು, ಗುಳ್ಳೆಯ ಸದ್ದು ಕೇಳಿಯೇ 'ಇಳಿಸ್ರೋ' ಎನ್ನುವವನು. ಅವನ ಬೆಲ್ಲಕ್ಕೆ ಹತ್ತಿದ ಇರುವೆಗಳು ಮೂರು ತಲೆಮಾರು ಅಲ್ಲೇ ಸಂಸಾರ ಮಾಡುತ್ತಿದ್ದವು. ಹೆಂಡದ ವಾಸನೆಗೇ ಮೂಗು ಮುಚ್ಚುವ ಆಸಾಮಿ. ಅವರಪ್ಪ ಕುಡಿದೇ ಸತ್ತಿದ್ದ.

ನಲವತ್ತೆರಡಕ್ಕೆ ಹೊನ್ನಪ್ಪನ ಹೊಟ್ಟೆ ಊದಿತು. ಕಾಲೂ ಊದಿತು. ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದರೆ ಏದುಸಿರು. ಕಟ್ಟೆ ತೀರ್ಪು ಕೊಟ್ಟಿತು: ಅಪ್ಪನ ದಾರಿ, ಕದ್ದು ಕುಡಿಯುತ್ತಾನೆ.

"ನಾನು ಮುಟ್ಟಿದೋನೇ ಅಲ್ಲ ಕಣ್ರಪ್ಪೋ!"

"ಎಲ್ಲಾ ಕುಡುಕ್ರೂ ಇಂಗೇ ಯೋಳೋದು ಕಣ್ಲಾ," ಎಂದ ಜೊತೆಯಲ್ಲೇ ಬೆಳೆದ ದಾಸಯ್ಯ.

ಕುಡಿತ ಬಿಡಿಸಲು ನಮ್ಮಲ್ಲಿ ಒಂದು ಪದ್ಧತಿಯಿದೆ. ಮಾರಮ್ಮನ ಮುಂದೆ ಅಂಗೈಯಲ್ಲಿ ಕರ್ಪೂರ ಹಚ್ಚಿ, 'ಇನ್ನು ಮುಟ್ಟಲ್ಲ' ಎಂದು ಆಣೆ ಹಾಕಬೇಕು. ಹೊನ್ನಪ್ಪ ಒಪ್ಪಲಿಲ್ಲ.

"ಇಡ್ಕಂಡೇ ಇಲ್ದಿರೋದ್ನ ಎಂಗ್ಲಾ ಬುಡ್ಲಿ? ಅಮ್ಮನ ಮುಂದೆ ಸುಳ್ಳು ಯೋಳುಸ್ತೀರಾ?"

ಹೆಂಡತಿ ಯಶೋದಮ್ಮ ಅತ್ತು ಕಾಲು ಹಿಡಿದ ಮೇಲೆ, ಕುಡಿಯದವನು ಕುಡಿತ ಬಿಟ್ಟ. ಅಂಗೈ ಸುಟ್ಟಿತು. ಹೊಟ್ಟೆ ಇಳಿಯಲಿಲ್ಲ. 'ಆಣೆ ಮುರಿದ' ಎಂದೆವು. ಕಾಮಾಲೆಯ ಸೊಪ್ಪು ಅರೆದು ಕುಡಿಸಿದೆವು. ಆಲೆಮನೆಯವರು ಕೆಲಸ ಬಿಡಿಸಿದರು. ಹೀಗೆ ಎರಡು ವರ್ಷ.

ಕಡೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರಮ್ಮ ಹೊಟ್ಟೆ ಬಿಟ್ಟು ಅವನ ಕತ್ತು ನೋಡಿದರು. ನರಗಳು ಹಗ್ಗದಂತೆ ಉಬ್ಬಿದ್ದವು. ಹಿಂದೆ ಟಿಬಿ ಬಂದಿತ್ತೇ ಎಂದು ಕೇಳಿದರು. ಬಂದಿತ್ತು, ಕೆಮ್ಮು ನಿಂತಿತೆಂದು ಮಾತ್ರೆಯನ್ನು ಅರ್ಧಕ್ಕೇ ಬಿಟ್ಟಿದ್ದ. ನಮಗೆ ಹೆದರದ ಯಂತ್ರವೊಂದು ಉಳಿದದ್ದನ್ನು ಹೇಳಿತು. ಕೆಟ್ಟಿದ್ದು ಲಿವರ್ ಅಲ್ಲ, ಗುಂಡಿಗೆಯ ಮೇಲಿನ ಪೊರೆ. ಅರ್ಧಕ್ಕೇ ಬಿಟ್ಟ ಆ ಟಿಬಿಯಿಂದ ಅದು ದಪ್ಪವಾಗಿ, ಸುಣ್ಣಗಟ್ಟಿ, ಚಿಪ್ಪಿನಂತೆ ಗುಂಡಿಗೆಯನ್ನು ಬಿಗಿದಿತ್ತು. ಒಳಗೆ ಜಾಗವಿಲ್ಲದ ರಕ್ತ ಹಿಂದೆಯೇ ನಿಂತು, ಹೊಟ್ಟೆಯಲ್ಲಿ ನೀರು ತುಂಬಿತ್ತು.

"ಅಚ್ಚಿಗೆ ಕಚ್ಕಂಡ ಬೆಲ್ಲ ಅನ್ನಿ ಮೇಡಂ," ಎಂದ ಹೊನ್ನಪ್ಪ.

ಎದೆಯ ಮೂಳೆ ಸೀಳಿ, ಕೊಪ್ಪರಿಗೆಯ ತಳಕ್ಕೆ ಹತ್ತಿದ ಸೀಕಲು ಕೆರೆಯುವಂತೆ ಆ ಚಿಪ್ಪನ್ನು ಚೂರುಚೂರಾಗಿ ಬಿಡಿಸಿದರು. ಉಳಿದ. ಆದರೆ ಡಾಕ್ಟರಮ್ಮ ಹೇಳಿದರು: "ಎರಡು ವರ್ಷ ಮೊದಲೇ ಬಂದಿದ್ರೆ ಮೊದಲಿನ ಹಾಗೇ ಆಗ್ತಿದ್ರೇನೋ. ಬಿಗಿದೂ ಬಿಗಿದೂ ಹಾರ್ಟೇ ಸೊರಗಿದೆ."

ಹೊಟ್ಟೆ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಮೈಯ ನೀರಿಳಿಸುವ ಮಾತ್ರೆ ನಿಲ್ಲಲಿಲ್ಲ. ಹಾಲಿನ ಡೇರಿಯವರೆಗೆ ನಡೆಯುತ್ತಾನೆ, ನಡುವೆ ಎರಡು ಕಡೆ ಕುಳಿತು. ಒಲೆಯ ಕಾವಿಗೆ ಹೋಗುವಂತಿಲ್ಲ. ಸಂಜೆ ಆಲೆಮನೆಯ ವಾಸನೆ ಬಂದರೆ, 'ಸೀದೋಯ್ತು' ಎಂದು ಗೊಣಗಿ ಬಾಗಿಲು ಹಾಕಿಕೊಳ್ಳುತ್ತಾನೆ.

ಮೊನ್ನೆ ನಾವೆಲ್ಲ ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಹೋದೆವು. ದಾಸಯ್ಯ ಬೆನ್ನು ಸವರಿ, "ಅವತ್ತು ಆಣೆ ಆಕ್ಸಿದ್ಕೇ ಉಳ್ಕಂಡೆ ಕಣ್ಲಾ," ಎಂದ.

ಹೊನ್ನಪ್ಪ ಮೂಸಂಬಿಯನ್ನು ಪಕ್ಕಕ್ಕಿಟ್ಟ.

"ಊಂ ಕಣ್ಲಾ ದಾಸ. ಮೂರು ವರ್ಸದಿಂದ ನನ್ನೆಸ್ರು ಕುಡೀತಾ ಅದೆ, ಬಾಯ್ಗೆ ಒಂದು ತೊಟ್ಟೂ ಬಿದ್ದಿಲ್ಲ. ಒಂದ್ಸಲ ರುಚಿನಾರ ನೋಡವಾ ಅಂದ್ರೆ, ಆಣೆ ಬೇರೆ ಆಕ್ಸ್‌ಬುಟ್ಟಿದ್ದೀಯ!"